ಕೌಂಟರ್ ಕೆಳಗಿನ ಡಬ್ಬ: ಅಗ್ಗದ ಹತ್ಯಾರಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳದ್ದು ಒಂದೇ ರಾಗ. ಅಗ್ಗ ಅಂತ ತಗೊಂಡೆ, ಎರಡೇ ದಿನಕ್ಕೆ ಹೋಯ್ತು. ಹಾಗಾಗಿ ನಲ್ಲಿ, ಪೈಪು, ಪೇಂಟಿನ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಈ ತಿಂಗಳು ಬರೀ ಹತ್ಯಾರದ ಮಾತು.

ಹೊಸ ಓದುಗರಿಗೆ ಎರಡು ಮಾತು. ನಾನು ಸಾಗರದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತೇನೆ. ಮಾವನವರು ಇಟ್ಟ ಅಂಗಡಿ. ಗಲ್ಲಾದ ಮುಂದೆ ನಾನು ಕೂತು 31 ವರ್ಷ ಆಯ್ತು. ಕೌಂಟರ್ ಕೆಳಗೆ ಒಂದು ಹಳೇ ಬಿಸ್ಕತ್ತಿನ ಡಬ್ಬ ಇದೆ. ಗಿರಾಕಿಗಳು ವಾಪಸ್ ತಂದ ಮುರುಕು, ಬಾಗಿದ, ಹಲ್ಲುದುರಿದ ಮಾಲೆಲ್ಲ ಅದರಲ್ಲಿದೆ. ಯಾರಾದರೂ ಬಂದು "ಇರೋದ್ರಲ್ಲಿ ಕಮ್ಮೀದು ಕೊಡಿ ಅಮ್ಮಾ" ಅಂದರೆ, ಕೆಲವು ಸಲ ಮೊದಲು ಆ ಡಬ್ಬ ತೆಗೆದು ತೋರಿಸುತ್ತೇನೆ. ಹೀಗೆ ಮಾಡಿದರೆ ವ್ಯಾಪಾರ ಆಗೋದು ಹ್ಯಾಗೆ ಅಂತ ಮಗನ ತಕರಾರು.

ಪ್ರಶ್ನೆ: ಆನ್‌ಲೈನಿನಲ್ಲಿ 46 ಪೀಸಿನ ಸಾಕೆಟ್ ಸೆಟ್ ತರಿಸಿದೆ. ಕಾರಿನ ಚಕ್ರದ ನಟ್ಟು ಬಿಚ್ಚಲು ಹೋದರೆ, ಸಾಕೆಟ್ ಸಿಕ್ಕಿಸಿ ಒಂದೇ ಕಡೆಗೆ ತಿರುಗಿಸುವ ಹಿಡಿ ಇದೆಯಲ್ಲ, ಆ ರ್‍ಯಾಚೆಟ್ "ಕಟಕ್" ಅಂದಿತು. ಈಗ ಎರಡೂ ಕಡೆ ಸುಮ್ಮನೆ ತಿರುಗುತ್ತದೆ. ಅಗ್ಗದ ಹತ್ಯಾರ ಅಂದರೆ ಎಲ್ಲವೂ ದಂಡವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು (ಹುಟ್ಟೂರು ಹೊಸನಗರ)

ನಿಮ್ಮ ರ್‍ಯಾಚೆಟ್ಟಿನ ಒಡಹುಟ್ಟಿದವನು ನನ್ನ ಡಬ್ಬದಲ್ಲೂ ಇದ್ದಾನೆ. ಈಗಷ್ಟೇ ಬಿಚ್ಚಿ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಒಳಗೆ ಏನಿದೆ ಗೊತ್ತಾ? ಒಂದು ಹಲ್ಲಿನ ಗಾಲಿ. ಅದಕ್ಕೆ ಅಡ್ಡ ಕೂರುವ, ಕಿರುಬೆರಳಿನ ಉಗುರಿನಷ್ಟು ದೊಡ್ಡ ಒಂದು ತುಂಡು. ಅದರ ಹಿಂದೆ ಬಾಲ್ ಪೆನ್ನಿನೊಳಗೆ ಇರುತ್ತದಲ್ಲ, ಅಂಥ ಸಣ್ಣ ಸ್ಪ್ರಿಂಗು. ನೀವು ಹಾಕುವ ಬಲವೆಲ್ಲ ಕೊನೆಗೆ ಹೋಗಿ ನಿಲ್ಲುವುದು ಆ ಉಗುರಿನಷ್ಟು ತುಂಡಿನ ಮೂರ್ನಾಲ್ಕು ಹಲ್ಲುಗಳ ಮೇಲೆ. ನನ್ನ ಹತ್ತಿರ ಇರುವುದರಲ್ಲಿ ಎರಡು ಹಲ್ಲು ಉದುರಿವೆ. ಮುರಿದ ಜಾಗವನ್ನು ಬಿಸಿಲಿಗೆ ಹಿಡಿದರೆ ಕಲ್ಲುಸಕ್ಕರೆ ಒಡೆದ ಹಾಗೆ ದಪ್ಪ ದಪ್ಪ ಹರಳು ಹೊಳೆಯುತ್ತದೆ. ಒಳ್ಳೆ ಉಕ್ಕು ಮುರಿದರೆ ಹಾಗೆ ಕಾಣುವುದಿಲ್ಲ. ನುಣ್ಣಗೆ, ಬೂದಿ ಬಣ್ಣಕ್ಕೆ, ರೇಷ್ಮೆ ಹರಿದ ಹಾಗೆ ಇರುತ್ತದೆ. ಹರಳು ದಪ್ಪ ಅಂದರೆ ಕಾಯಿಸುವವರು ಜಾಸ್ತಿ ಕಾಯಿಸಿದ್ದಾರೆ, ಇಲ್ಲ ಅಂದರೆ ಮಾಲೇ ಕಳಪೆ.

ಆದರೆ ತಪ್ಪು ಅರ್ಧ ನಿಮ್ಮದೂ ಹೌದು. ಆ 46 ಪೀಸಿನ ಸೆಟ್ಟಿನಲ್ಲಿ ಸಾಕೆಟ್ ಕೂರುವ ಚೌಕದ ಕಡ್ಡಿ ಕಾಲಿಂಚಿನದು, ಅಂದರೆ 6.35 ಮಿ.ಮೀ. ಬೈಕಿನ ಸಣ್ಣ ಬೋಲ್ಟು, ಮಿಕ್ಸಿ, ಸೈಕಲ್ಲು, ಇಂಥದ್ದಕ್ಕೆ ಮಾಡಿದ್ದು. ಕಾರಿನ ಚಕ್ರದ ನಟ್ಟಿನ ಬಿಗಿ ಸುಮಾರು 100 ನ್ಯೂಟನ್ ಮೀಟರ್. ಒಂದಡಿ ಉದ್ದದ ಹಿಡಿಯ ತುದಿಗೆ ಮೂವತ್ತು ಚಿಲ್ಲರೆ ಕಿಲೋ ಭಾರ ನೇತು ಹಾಕಿದ ಹಾಗೆ ಲೆಕ್ಕ. ತುಕ್ಕು ಹಿಡಿದಿದ್ದರೆ ಇನ್ನೂ ಜಾಸ್ತಿ. ಅದಕ್ಕೆ ಅರ್ಧ ಇಂಚಿನ ಕಡ್ಡಿ ಬೇಕು. ಕಾಲಿಂಚಿಗೂ ಅರ್ಧ ಇಂಚಿಗೂ ದಪ್ಪದಲ್ಲಿ ವ್ಯತ್ಯಾಸ ಎರಡೇ ಪಟ್ಟು. ಆದರೆ ತಿರುಚುವ ಬಲ ತಾಳುವುದರಲ್ಲಿ ಎಂಟು ಪಟ್ಟು! ಕಾರಿನ ಜೊತೆ ಬರುವ ಎಲ್ ಆಕಾರದ ಪಾನಾ ಡಿಕ್ಕಿಯಲ್ಲೇ ಇತ್ತಲ್ಲ, ಮಾರಾಯರೇ. ಅದನ್ನು ಬಿಟ್ಟು ಇದನ್ನು ಹಿಡಿದಿರಿ.

ಎಲ್ಲವೂ ದಂಡವಾ ಅಂದರೆ, ಅಲ್ಲ. ಹತ್ಯಾರಕ್ಕೆ ಬೆಲೆ ಬರುವುದು ಹೊಳಪಿನಿಂದ ಅಲ್ಲ. ಕ್ರೋಮಿನ ಹೊಳಪು ಅಗ್ಗ, ಅದನ್ನು ಯಾವ ಮಾಲಿಗಾದರೂ ಹಚ್ಚಬಹುದು. ದುಡ್ಡು ಹೋಗುವುದು ಹದಕ್ಕೆ. ಉಕ್ಕನ್ನು ಸರಿಯಾದ ಶಾಖಕ್ಕೆ ಕಾಯಿಸಬೇಕು, ಅದ್ದಬೇಕು, ಮತ್ತೆ ಕಡಿಮೆ ಶಾಖದಲ್ಲಿ ಕಾಯಿಸಿ ಇಳಿಸಬೇಕು. ಆಮೇಲೆ ಒಂದೊಂದು ಕಂತಿನಿಂದಲೂ ಎರಡು ಎತ್ತಿ ಗಡಸು ಎಷ್ಟಿದೆ ಅಂತ ನೋಡಬೇಕು. ಒಲೆ, ಕರೆಂಟು, ಹೊತ್ತು, ನೋಡುವ ಜನ, ಎಲ್ಲ ಖರ್ಚೇ. ದರ ಇಳಿಸಬೇಕು ಅಂದರೆ ಕೈ ಮೊದಲು ಹೋಗುವುದು ಅಲ್ಲಿಗೇ. ಯಾಕೆಂದರೆ ಹದ ಇಲ್ಲದ್ದು ಕಣ್ಣಿಗೆ ಕಾಣುವುದಿಲ್ಲ.

ಹಾಗಾಗಿ ಹದದ ಕೆಲಸ ಇಲ್ಲದ ಹತ್ಯಾರವನ್ನು ಧೈರ್ಯವಾಗಿ ಅಗ್ಗದಲ್ಲಿ ತಗೊಳ್ಳಿ. ರಬ್ಬರ್ ಸುತ್ತಿಗೆ, ಪೇಂಟ್ ಕೆರೆಯುವ ಪಟ್ಟಿ, ಗಾರೆ ಬಾಂಡ್ಲಿ, ಟೂಲ್ ಬಾಕ್ಸು, ಮನೆಯಲ್ಲಿ ವರ್ಷಕ್ಕೆರಡು ಸಲ ಹಿಡಿಯುವ ಕರಣೆ. ಕಚ್ಚುವುದು, ಕಡಿಯುವುದು, ತಿರುಚುವುದು ಇದ್ದರೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಅದರಲ್ಲೂ ಅಲೆನ್ ಕೀ, ಅಂದರೆ ಬೋಲ್ಟಿನ ತಲೆಯ ಆರು ಮೂಲೆಯ ಗುಂಡಿಗೆ ಹಾಕಿ ತಿರುಗಿಸುವ ಬಾಗಿದ ಕಡ್ಡಿ. ಒಳ್ಳೆ ಸೆಟ್ಟಿಗೂ ಕೆಟ್ಟ ಸೆಟ್ಟಿಗೂ ಇರುವ ವ್ಯತ್ಯಾಸ ಒಂದು ಮಸಾಲೆ ದೋಸೆ, ಎರಡು ಕಾಫಿ. ಮೆತ್ತನೆ ಕೀ ತಾನೂ ದುಂಡಗಾಗಿ ಬೋಲ್ಟಿನ ತಲೆಯನ್ನೂ ದುಂಡಗೆ ಮಾಡುತ್ತದೆ. ಆಮೇಲೆ ಆ ಬೋಲ್ಟು ತೆಗೆಯಲು ವರ್ಕ್‌ಶಾಪಿಗೆ ಕೊಡುವ ದುಡ್ಡಲ್ಲಿ ಹತ್ತು ಸೆಟ್ ಬರುತ್ತಿತ್ತು.

ನಿಮ್ಮ ಸೆಟ್ಟಿನ ಸಾಕೆಟ್ಟುಗಳನ್ನು ಎಸೆಯಬೇಡಿ. ಒಂದು ಒಳ್ಳೆ ಕಾಲಿಂಚಿನ ರ್‍ಯಾಚೆಟ್ ಬಿಡಿಯಾಗಿ ತಗೊಳ್ಳಿ. ಸಾಕೆಟ್ಟು ಸಣ್ಣ ಕೆಲಸಕ್ಕೆ ಸಾಕು.

ಪ್ರಶ್ನೆ: ಸ್ಪಾನರಿನ ಮೇಲೆ "ಕ್ರೋಮ್ ವೆನೇಡಿಯಮ್" ಅಂತ ಕೊರೆದಿರುತ್ತದೆ. ಅದನ್ನು ನಂಬಬಹುದಾ? ಅಯಸ್ಕಾಂತ ಇಟ್ಟು ನೋಡಿದರೆ ಗೊತ್ತಾಗುತ್ತದಾ?
— ಐಟಿಐ ವಿದ್ಯಾರ್ಥಿ, ಹಾವೇರಿ

ಕ್ರೋಮ್ ವೆನೇಡಿಯಮ್ ಅನ್ನುವುದು ಹತ್ಯಾರಕ್ಕೆ ಬಳಸುವ ಒಂದು ಜಾತಿಯ ಉಕ್ಕಿನ ಹೆಸರು. ಅಯಸ್ಕಾಂತ ತಗಡಿನ ಡಬ್ಬಕ್ಕೂ ಅಂಟುತ್ತದೆ, ಒಳ್ಳೆ ಸ್ಪಾನರಿಗೂ ಅಂಟುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಅಕ್ಷರ ಕೊರೆಯುವುದಕ್ಕೂ ದೊಡ್ಡ ಖರ್ಚಿಲ್ಲ.

ನನ್ನ ಕೌಂಟರಿನ ಮೇಲೆ ಒಂದು ಸವೆದ ತ್ರಿಕೋನ ಅರ ಇದೆ. ಕಟಿಂಗ್ ಪ್ಲೇಯರಿನ ತಂತಿ ಕತ್ತರಿಸುವ ಅಂಚಿನ ಮೂಲೆಗೆ ಅದರಿಂದ ಮೆಲ್ಲಗೆ ಒಂದು ಎಳೆತ. ಹದ ಇದ್ದರೆ ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ. ಹದ ಇಲ್ಲದಿದ್ದರೆ ಬೆಲ್ಲ ಕೆರೆದ ಹಾಗೆ ಪುಡಿ ಬರುತ್ತದೆ. ಸ್ಪಾನರಿಗೆ ಈ ಪರೀಕ್ಷೆ ಅಷ್ಟು ಚೆನ್ನಾಗಿ ಹೊಂದುವುದಿಲ್ಲ. ಅದಕ್ಕೆ ಅಷ್ಟು ಗಡಸು ಬೇಡ, ಸ್ವಲ್ಪ ಬಳುಕುವ ಗುಣ ಬೇಕು. ಸ್ಪಾನರಿನಲ್ಲಿ ಬಾಯಿ ನೋಡಿ. 10ರ ಬೋಲ್ಟಿಗೆ ಹಾಕಿ ಅಲ್ಲಾಡಿಸಿ. ಹೊಸದರಲ್ಲೇ ಗಡಗಡ ಅಂದರೆ ವಾಪಸ್ ಇಡಿ. ಕ್ರೋಮ್ ಗುಳ್ಳೆ ಎದ್ದಿದ್ದರೂ ಬೇಡ. ಆ ಸಿಪ್ಪೆ ಎದ್ದರೆ ಬ್ಲೇಡಿನ ಹಾಗೆ ಕೈ ಕೊಯ್ಯುತ್ತದೆ.

ಇನ್ನೊಂದು. ನಮ್ಮ ದೇಶದ ಕೈಹತ್ಯಾರ ಬಹಳಷ್ಟು ಬರುವುದು ಪಂಜಾಬಿನ ಜಲಂಧರ್, ಲುಧಿಯಾನಾ ಕಡೆಯಿಂದ. ರಾಜಸ್ಥಾನದ ನಾಗೌರ್ ಕೂಡ ಪಕ್ಕಡ್, ಸುತ್ತಿಗೆಗೆ ಹೆಸರಾದ ಊರು. ಜಲಂಧರಿನಿಂದಲೇ ಹೊರದೇಶಕ್ಕೂ ಮಾಲು ಹೋಗುತ್ತದೆ, ಅಲ್ಲಿಂದಲೇ ನಮ್ಮ ಸಂತೆಗೂ ಬರುತ್ತದೆ. ಹಾಗಾಗಿ ಊರಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. "ಚೈನಾ ಮಾಲು" ಅಂತ ಬೈಯುವುದೂ ಅಷ್ಟೇ. ಕೇಳಿದ ದರಕ್ಕೆ ತಕ್ಕ ಮಾಲನ್ನು ಎಲ್ಲ ಊರಲ್ಲೂ ಮಾಡಿಕೊಡುತ್ತಾರೆ.

ಪ್ರಶ್ನೆ: ನನ್ನ ಹತ್ತಿರ ಯಮಹಾ ಆರ್‌ಎಕ್ಸ್ 100 ಇದೆ. ಎಂಜಿನ್ ಕವರಿನ ಸ್ಟಾರ್ ಸ್ಕ್ರೂ ಬಿಚ್ಚಲು ಹೋದಾಗಲೆಲ್ಲ ತಲೆ ಹಾಳಾಗುತ್ತದೆ. ಅಗ್ಗದ ಸ್ಕ್ರೂಡ್ರೈವರ್ ಬಿಟ್ಟು ದುಬಾರಿಯದ್ದು ತಗೊಂಡೆ. ಅದೂ ಜಾರುತ್ತದೆ. ಯಾಕೆ?
— ಅಡಿಕೆ ಬೆಳೆಗಾರ, ಸಿದ್ದಾಪುರ

ಈ ಪ್ರಶ್ನೆ ಓದಿ ಖುಷಿಯಾಯ್ತು. ನಮ್ಮಲ್ಲಿಗೆ ವಾರಕ್ಕೊಬ್ಬರಾದರೂ ಇದೇ ಗೋಳು ಹೊತ್ತು ಬರುತ್ತಾರೆ. ಆ ಬೈಕು ನಮ್ಮ ದೇಶದಲ್ಲಿ ತಯಾರಾಗಿದ್ದು 1985ರಿಂದ 1996ರವರೆಗೆ. ನಿಂತು ಇಷ್ಟು ವರ್ಷವಾದರೂ ಮಲೆನಾಡಿನ ಹುಡುಗರು ಅದನ್ನು ಬಿಟ್ಟಿಲ್ಲ.

ತಪ್ಪು ಸ್ಕ್ರೂಡ್ರೈವರಿನದ್ದೂ ಅಲ್ಲ, ನಿಮ್ಮದೂ ಅಲ್ಲ. ಕೂಡಿಸಿದ ಜೋಡಿ ತಪ್ಪು. ನಾವೆಲ್ಲ ಸ್ಟಾರ್ ಅಂತ ಕರೆಯುವುದರಲ್ಲಿ ಒಂದೇ ಜಾತಿ ಇಲ್ಲ. ಅಂಗಡಿಯಲ್ಲಿ ಸಿಗುವುದು ಫಿಲಿಪ್ಸ್. ನಿಮ್ಮ ಬೈಕಿನದ್ದು ಜಪಾನಿನ ಅಳತೆ, ಜೆಐಎಸ್. ಎರಡೂ ನೋಡಲು ಅವಳಿ ಜವಳಿ. ಆದರೆ ಫಿಲಿಪ್ಸಿನ ಮೂತಿ ಒಂದು ಚೂರು ಉದ್ದ. ಜಪಾನಿ ಸ್ಕ್ರೂವಿನ ಗುಂಡಿಗೆ ಹಾಕಿದರೆ ಮೂತಿ ತಳಕ್ಕೆ ಮೊದಲೇ ತಾಗುತ್ತದೆ. ರೆಕ್ಕೆಗಳು ಗೋಡೆಗೆ ಸರಿಯಾಗಿ ಕೂರುವುದೇ ಇಲ್ಲ. ತಿರುಗಿಸಿದ ಕೂಡಲೇ ಮೇಲಕ್ಕೆ ಎದ್ದು ಜಾರುತ್ತದೆ. ನೀವು ಎಷ್ಟೇ ದುಬಾರಿ ಫಿಲಿಪ್ಸ್ ತಂದರೂ ಅದು ಇನ್ನೂ ಗಡಸು, ಇನ್ನೂ ಚೆನ್ನಾಗಿ ಸ್ಕ್ರೂ ತಲೆಯನ್ನು ತಿನ್ನುತ್ತದೆ, ಅಷ್ಟೇ. ಸ್ಕ್ರೂ ತಲೆಯ ಮೇಲೆ ಒಂದು ಕಡೆ ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕಿ ಗುಂಡಿ ಇದೆಯಾ ನೋಡಿ. ಇದ್ದರೆ ಅದು ಜಪಾನಿ. ಎಲ್ಲದರ ಮೇಲೂ ಇರುವುದಿಲ್ಲ.

ಜೆಐಎಸ್ ಡ್ರೈವರ್ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಕಾರ್ಬೊರೇಟರಿಗೆ 2ನೇ ನಂಬರು, ಎಂಜಿನ್ ಕವರಿನ ದಪ್ಪ ಸ್ಕ್ರೂಗಳಿಗೆ 3ನೇ ನಂಬರು ತರಿಸಿ. ಅದು ಬರುವವರೆಗೆ ಕಾಯಲು ಆಗುವುದಿಲ್ಲ ಅಂದರೆ, ನಿಮ್ಮ ಹಳೇ ಅಗ್ಗದ ಡ್ರೈವರಿನ ಮೂತಿಯನ್ನು ಕಲ್ಲಿಗೆ ಒಂದು ಎಳೆ ತಾಗಿಸಿ ಚಪ್ಪಟೆ ಮಾಡಿ. ದುಬಾರಿಯದ್ದಕ್ಕೆ ಈ ಗತಿ ಮಾಡಬೇಡಿ! ಸ್ಕ್ರೂಗೆ ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಎರಡು ಪೆಟ್ಟು ಹಾಕಿ. ಆಮೇಲೆ ತಿರುಗಿಸುವ ಬಲಕ್ಕಿಂತ ಒತ್ತುವ ಬಲ ಜಾಸ್ತಿ ಇರಲಿ. ಆಗಲೂ ಬರದಿದ್ದರೆ ಸುತ್ತಿಗೆ ಪೆಟ್ಟಿಗೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಹಿಡಿಯಿರಿ. ಗ್ಯಾರೇಜಿನವರ ಹತ್ತಿರ ಇರುತ್ತದೆ.

ಪ್ರಶ್ನೆ: ಹೊಸ 5 ಮೀಟರ್ ಟೇಪ್ ತಂದೆ. ತುದಿಯ ಕೊಕ್ಕೆ ಲೊಡಲೊಡ ಅಲ್ಲಾಡುತ್ತದೆ. ಅಂಗಡಿಯವರು ಬದಲಿಸಿ ಕೊಡಲಿಲ್ಲ. ಕಳಪೆ ಮಾಲು ಅಲ್ವಾ?
— ನಿವೃತ್ತ ಶಿಕ್ಷಕರು, ತಿಪಟೂರು

ಮೇಷ್ಟ್ರೇ, ಆ ಅಂಗಡಿಯವರ ಮೇಲೆ ಸಿಟ್ಟು ಬೇಡ. ಕೊಕ್ಕೆ ಅಲ್ಲಾಡಲೇಬೇಕು. ಅದು ಎಷ್ಟು ದಪ್ಪ ಇದೆಯೋ ಅಷ್ಟೇ ಹಿಂದೆ ಮುಂದೆ ಸರಿಯುವ ಹಾಗೆ ಮಾಡಿರುತ್ತಾರೆ. ಹಲಗೆಯ ಅಂಚಿಗೆ ಕೊಕ್ಕೆ ಸಿಕ್ಕಿಸಿ ಎಳೆದರೆ ಅದು ಹೊರಗೆ ಬರುತ್ತದೆ, ಸೊನ್ನೆ ಕೊಕ್ಕೆಯ ಒಳಮೈಗೆ ಕೂರುತ್ತದೆ. ಗೋಡೆಗೆ ಒತ್ತಿ ಅಳೆದರೆ ಒಳಗೆ ಸರಿಯುತ್ತದೆ, ಸೊನ್ನೆ ಹೊರಮೈಗೆ ಬರುತ್ತದೆ. ಎರಡೂ ಸಲ ಲೆಕ್ಕ ಸರಿ. ಅಲ್ಲಾಡುತ್ತದೆ ಅಂತ ನಮ್ಮ ಬಡಗಿಯೊಬ್ಬರು ಅದನ್ನು ಅಡಿಗಲ್ಲಿನ ಮೇಲಿಟ್ಟು ಬಡಿದು ಗಟ್ಟಿ ಮಾಡಿದರು. ಆಮೇಲೆ ಅವರು ಮಾಡಿದ ಕಿಟಕಿ ಚೌಕಟ್ಟು ಒಂದೂ ಸರಿಯಾಗಿ ಕೂರಲಿಲ್ಲ.

ಕಳಪೆ ಎಲ್ಲಿ ಗೊತ್ತಾಗುತ್ತದೆ ಅಂದರೆ, ಒಂದು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು 10ರ ಗೆರೆಯಿಂದ 40ರ ಗೆರೆಗೆ ಹೋಲಿಸಿ. ಟೇಪಿನ ಮೊದಲ ಗೇಣಿನಲ್ಲಿ ರೋಮನ್ ಅಂಕಿಯ ಎರಡು (II) ಇದ್ದರೆ, 5 ಮೀಟರಿಗೆ ಹೆಚ್ಚೆಂದರೆ 1.3 ಮಿ.ಮೀ. ಆಚೀಚೆ ಆಗಬಹುದು ಅಂತ ಅರ್ಥ. ಮನೆ ಕೆಲಸಕ್ಕೆ ಧಾರಾಳ.

ಪ್ರಶ್ನೆ: ಸೊಪ್ಪು ಕಡಿಯುವ ಕತ್ತಿ ಅಂಗಡಿಯದ್ದು ತಗೊಳ್ಳಲೋ, ಕುಲುಮೆಯಲ್ಲಿ ಮಾಡಿಸಲೋ? ಕುಲುಮೆಯದ್ದು ದುಪ್ಪಟ್ಟು ದರ ಹೇಳುತ್ತಾರೆ.
— ಕೃಷಿಕ ಮಹಿಳೆ, ಶೃಂಗೇರಿ

ನನ್ನ ಅಂಗಡಿಯಲ್ಲೂ ರೆಡಿಮೇಡ್ ಕತ್ತಿ ನೇತು ಹಾಕಿದ್ದೇನೆ. ಆದರೂ ಹೇಳುತ್ತೇನೆ, ಮಾಡಿಸಿ.

ನಮ್ಮ ಅಂಗಡಿಯ ಹಿಂದಿನ ಕೇರಿಯಲ್ಲಿ ಒಬ್ಬ ಆಚಾರರಿದ್ದಾರೆ. ಕುಲುಮೆ ಇರುವುದು ಕತ್ತಲೆ ಕೋಣೆಯಲ್ಲಿ. ಲೈಟ್ ಹಾಕಿಸಿಕೊಳ್ಳಬಾರದಾ ಅಂತ ಹಿಂದೆ ನಾನೇ ಹೇಳಿದ್ದೆ. ಬೆಳಕಿದ್ದರೆ ಕಬ್ಬಿಣದ ಕೆಂಪು ಸರಿಯಾಗಿ ಕಾಣುವುದಿಲ್ಲ ಅಂತ ಆಮೇಲೆ ತಿಳಿಯಿತು. ಅವರು ಕತ್ತಿಗೆ ಹಿಡಿಯುವುದು ಲಾರಿಯ ಹಳೇ ಕಮಾನು ಪಟ್ಟೆ. ಅದು ಮೊದಲೇ ಒಳ್ಳೆ ಉಕ್ಕು, ಬಾಗಿ ಬಾಗಿ ಎದ್ದು ಬಂದದ್ದು. ಬಡಿದು ಆಕಾರ ತಂದ ಮೇಲೆ ಬಾಯಿಯ ಕಡೆ ಮಾತ್ರ ಕಾಯಿಸುತ್ತಾರೆ. ಅವರ ಮಗ ಹಳೇ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಹತ್ತಿರ ಹಿಡಿಯುತ್ತಾನೆ. ಅಂಟುವುದು ನಿಂತರೆ ಶಾಖ ಬಂತು. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಪ್ಪ ಕಣ್ಣಲ್ಲೇ ನೋಡಿ ಹೇಳುತ್ತಾರೆ, ಮಗನಿಗೆ ಅಯಸ್ಕಾಂತ ಬೇಕು. ಇಬ್ಬರೂ ಹೇಳುವುದು ಒಂದೇ ಹೊತ್ತಿಗೆ.

ಆಮೇಲೆ ಬಾಯಿಯನ್ನು ಮಾತ್ರ ಸುಟ್ಟೆಣ್ಣೆಯ ಬಕೆಟ್ಟಿಗೆ ಅದ್ದುತ್ತಾರೆ. ಬೆನ್ನು ಹೊರಗೇ ಇರುತ್ತದೆ. ಎತ್ತಿ, ಮುರುಕು ಸಾಣೆಕಲ್ಲಿನಿಂದ ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿ, ಸುಮ್ಮನೆ ನೋಡುತ್ತಾ ನಿಲ್ಲುತ್ತಾರೆ. ಬೆನ್ನಲ್ಲಿ ಉಳಿದ ಬಿಸಿ ಮೆಲ್ಲಗೆ ಬಾಯಿಯ ಕಡೆಗೆ ಇಳಿಯುತ್ತದೆ. ಬೆಳ್ಳಗಿದ್ದ ಜಾಗ ಮೊದಲು ಒಣಹುಲ್ಲಿನ ಹಳದಿಯಾಗುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ. ಬಿಟ್ಟರೆ ನೀಲಿ. ಕತ್ತಿಗೆ ಕಂದು ದಾಟಿ ನೇರಳೆ ಹಣಕುವಾಗ ಪೂರ್ತಿ ಅದ್ದಿಬಿಡುತ್ತಾರೆ. ಹಳದಿಗೇ ನಿಲ್ಲಿಸಿದರೆ ಗಂಟಿಗೆ ತಾಗಿ ಬಾಯಿ ಚಿಪ್ಪೇಳುತ್ತದೆ. ನೀಲಿಗೆ ಹೋದರೆ ಬಾಯಿ ಮಡಚಿಕೊಳ್ಳುತ್ತದೆ. ಇದೆಲ್ಲ ನಡೆಯುವುದು ಒಂದು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ. ಆ ಹೊತ್ತಲ್ಲಿ ಅವರನ್ನು ಮಾತಾಡಿಸಿದರೆ ಬೈಸಿಕೊಳ್ಳುತ್ತೀರಿ.

ರೆಡಿಮೇಡಿನಲ್ಲಿ ಅಗ್ಗದ್ದು ಅಂದರೆ ಹೆಚ್ಚಾಗಿ ತಗಡು ಕತ್ತರಿಸಿ ಸಾಣೆ ಹಿಡಿದದ್ದು. ಮೊದಲ ದಿನ ಚೆನ್ನಾಗಿಯೇ ಕಡಿಯುತ್ತದೆ. ಮೂರನೇ ದಿನದಿಂದ ನೀವು ಕಡಿಯುವುದಕ್ಕಿಂತ ಮಸೆಯುವುದೇ ಜಾಸ್ತಿ. ಒಳ್ಳೆ ಕಂಪನಿಯ ಕತ್ತಿಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಬಾಯಿ ಹೋದರೆ ಕಂಪನಿಗೆ ಕಳಿಸುತ್ತೀರಾ? ಆಚಾರರಿಗಾದರೆ ಮುಂದಿನ ವರ್ಷ ಮತ್ತೆ ಹದ ಹಾಕಿ ಕೊಡು ಅನ್ನಬಹುದು. ಗುದ್ದಲಿ, ಹಾರೆ, ಸಲಿಕೆಗೆ ಮಾತ್ರ ನಾನು ಕಂಪನಿ ಮಾಲೇ ಹೇಳುತ್ತೇನೆ. ಅವುಗಳನ್ನು ದೊಡ್ಡ ಸುತ್ತಿಗೆಯಲ್ಲಿ ಅಚ್ಚಿಗೆ ಬಡಿದು ಮಾಡಿರುತ್ತಾರೆ. ಒಂದೇ ಸಮ ಇರುತ್ತವೆ, ದರವೂ ಹಿಡಿತದಲ್ಲಿರುತ್ತದೆ.

ಒಂದು ಎಚ್ಚರಿಕೆ. ಮೆಷಿನ್ ಸಾಣೆಗೆ ಕೊಟ್ಟರೆ ಬಾಯಿ ನೀಲಿಗೆ ತಿರುಗದ ಹಾಗೆ ನೋಡಿಕೊಳ್ಳಿ. ನೀಲಿ ಬಂತು ಅಂದರೆ ಆಚಾರರು ಹಾಕಿದ ಹದ ಅಲ್ಲಿಗೆ ಹೋಯ್ತು. ಪಕ್ಕದಲ್ಲಿ ನೀರಿಟ್ಟುಕೊಂಡು ಎರಡೆರಡು ಎಳೆತಕ್ಕೆ ಅದ್ದಲು ಹೇಳಿ.

ಪ್ರಶ್ನೆ: ಸುತ್ತಿಗೆ ಹಿಡಿ ಸಡಿಲವಾದರೆ ನೀರಲ್ಲಿ ನೆನೆಸಿಟ್ಟರೆ ಸರಿಹೋಗುತ್ತದೆ ಅಂತಾರೆ. ಹೌದಾ?
— ಓದುಗರು, ಗದಗ

ಎರಡು ದಿನಕ್ಕೆ ಸರಿಹೋಗುತ್ತದೆ. ನೆನೆದು ಉಬ್ಬಿದ ಕಟ್ಟಿಗೆ ಕಬ್ಬಿಣದ ಕಣ್ಣಿನೊಳಗೆ ಜಜ್ಜಿಹೋಗುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಸಣ್ಣ ಬೆಣೆ ಹೊಡೆಯಿರಿ. ಹಿಡಿಯೇ ಹೋಗಿದ್ದರೆ ನಿಮ್ಮ ಕಡೆ ಜಾಲಿ ಧಾರಾಳ ಸಿಗುತ್ತದಲ್ಲ, ಅದರಲ್ಲಿ ಕೆತ್ತಿಸಿ. ಹಳೇ ಸುತ್ತಿಗೆ ತಲೆ ಚೆನ್ನಾಗಿದ್ದರೆ ಹೊಸ ಅಗ್ಗದ ಸುತ್ತಿಗೆಗಿಂತ ಅದೇ ವಾಸಿ.

ಪ್ರಶ್ನೆ: ಮನೆ ಕರೆಂಟ್ ಕೆಲಸಕ್ಕೆ ಕೆಂಪು ಹಳದಿ ಹಿಡಿಯ ಕಟಿಂಗ್ ಪ್ಲೇಯರ್, ಒಂದು ಟೆಸ್ಟರ್ ತಗೊಂಡಿದ್ದೇನೆ. ಎರಡೂ ಸೇರಿ ನೂರೈವತ್ತಕ್ಕೆ ಸಿಕ್ಕಿತು. ಸಾಕಾ?
— ಓದುಗರು, ಉಡುಪಿ

ಸಾಲದು. ಇಂಥದ್ದರಲ್ಲಿ ನಾನು ಚೌಕಾಸಿಗೂ ಬಿಡುವುದಿಲ್ಲ, ಕಮ್ಮೀದು ಇಡುವುದೂ ಇಲ್ಲ.

ಹಿಡಿಗೆ ಹಾಕಿದ ಬಣ್ಣದ ಪ್ಲಾಸ್ಟಿಕ್ ಕೈ ಜಾರದಿರಲಿ ಅಂತ. ಶಾಕ್ ತಡೆಯಲಿಕ್ಕೆ ಅಲ್ಲ. ತಡೆಯುವ ಹಿಡಿಯ ಮೇಲೆ ಒಂದರೊಳಗೆ ಒಂದು ಹೊಕ್ಕ ಹಾಗೆ ಎರಡು ತ್ರಿಕೋನದ ಗುರುತು, ಪಕ್ಕದಲ್ಲಿ 1000 ವೋಲ್ಟ್ ಅಂತ ಇರುತ್ತದೆ. ಅದಿದ್ದರೂ ಮೇನ್ ಸ್ವಿಚ್ ತೆಗೆದೇ ಕೆಲಸ ಮಾಡಿ.

ಟೆಸ್ಟರಿನ ಕಥೆ ಇನ್ನೂ ಸೂಕ್ಷ್ಮ. ಅದರ ಒಳಗೆ ಸಣ್ಣ ನಿಯಾನ್ ಬಲ್ಬು, ಅದರ ಜೊತೆಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಒಂದು ರೆಸಿಸ್ಟರ್. ಸುಮಾರು 10 ಲಕ್ಷ ಓಮ್. 230 ವೋಲ್ಟಿನ ಕರೆಂಟು ನಿಮ್ಮ ಬೆರಳಿನ ಮೂಲಕವೇ ಹೋಗಿ ಬಲ್ಬು ಉರಿಯುತ್ತದೆ. ಆದರೆ ಆ ರೆಸಿಸ್ಟರ್ ಇರುವುದರಿಂದ ಹರಿಯುವುದು ಒಂದು ಮಿಲಿಯಾಂಪಿನ ಕಾಲುಭಾಗವೂ ಇಲ್ಲ, ಹಾಗಾಗಿ ನಿಮಗೆ ಗೊತ್ತಾಗುವುದಿಲ್ಲ. ಅಂದರೆ ನಿಮಗೂ ಶಾಕಿಗೂ ನಡುವೆ ನಿಂತಿರುವುದು ಆ ಒಂದು ಕಾಳು. ನಿಮ್ಮ ಊರಿನ ಮಳೆಗಾಲದಲ್ಲಿ ಒಳಗೆ ತೇವ ಸೇರಿದರೆ ಕರೆಂಟು ಆ ಕಾಳನ್ನು ಬಿಟ್ಟು ಪಕ್ಕದಿಂದ ಹಾಯಬಹುದು. ಒದ್ದೆಯಾದ, ಬಿರುಕು ಬಿಟ್ಟ, ಸ್ಕ್ರೂಡ್ರೈವರ್ ಅಂತ ಮೀಟಿ ಮೀಟಿ ಬಾಗಿದ ಟೆಸ್ಟರನ್ನು ಇವತ್ತೇ ಎಸೆಯಿರಿ. ಬಲ್ಬು ಉರಿಯಲಿಲ್ಲ ಅಂದರೆ ಕರೆಂಟಿಲ್ಲ ಅಂತಲೂ ಅಲ್ಲ. ಟೆಸ್ಟರೇ ಸತ್ತಿರಬಹುದು. ಮೊದಲು ಕರೆಂಟಿರುವ ಜಾಗದಲ್ಲಿ ನೋಡಿ, ಆಮೇಲೆ ಅನುಮಾನದ ಜಾಗದಲ್ಲಿ ನೋಡಿ.

ಪ್ರಶ್ನೆ: ನೀವು ಅಂಗಡಿಯವರೇ ಕಳಪೆ ಮಾಲು ತಂದು ಮಾರುತ್ತೀರಿ. ಆಮೇಲೆ ಪತ್ರಿಕೆಯಲ್ಲಿ ಕೂತು ಬುದ್ಧಿ ಹೇಳುತ್ತೀರಿ. ಇದು ಯಾವ ನ್ಯಾಯ?
— ಹೆಸರು ಬೇಡ ಎಂದವರು, ದಾವಣಗೆರೆ

ಕೇಳಿದ್ದು ಒಳ್ಳೇದಾಯ್ತು. ಮಾರಿದ್ದೇನೆ. ಈಗಲೂ ಕೆಲವು ಮಾರುತ್ತೇನೆ. ಇಡದಿದ್ದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಆದರೆ ಡಬ್ಬ ಶುರುವಾದದ್ದು ಹೇಗೆ ಅಂತ ಹೇಳುತ್ತೇನೆ, ಆಮೇಲೆ ನೀವೇ ಬೈಯಿರಿ.

ನಾನು ಗಲ್ಲಾಕ್ಕೆ ಬಂದ ಮೂರನೆಯದೋ ನಾಲ್ಕನೆಯದೋ ವರ್ಷ. ಗಾರೆ ಕೆಲಸದ ಒಬ್ಬ ಹುಡುಗ ಗೋಡೆ ಒಡೆಯಲು ಉಳಿ ಕೇಳಿದ. ಎರಡು ತರದ್ದಿತ್ತು. ಅವನು ಕಮ್ಮೀದು ತಗೊಂಡ, ನಾನೂ ಸುಮ್ನೆ ಕೊಟ್ಟೆ. ಒಂದು ತಿಂಗಳಿಗೆ ಅದರ ತಲೆ ಪೆಟ್ಟು ತಿಂದು ತಿಂದು ಅಣಬೆಯ ಹಾಗೆ ಅರಳಿತು. ಅಂಚೆಲ್ಲ ಸಿಗುರು ಸಿಗುರು. ಒಂದು ದಿನ ಹೊಡೆಯುವಾಗ ಆ ಅಂಚಿನ ಚೂರೊಂದು ಹಾರಿ ಅವನ ಮುಂಗೈಯೊಳಗೆ ಹೊಕ್ಕಿತು. ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಹುಡುಗ ಬಂದು ಜಗಳ ಆಡಲಿಲ್ಲ. ಚೂರನ್ನು ಕಾಗದದಲ್ಲಿ ಸುತ್ತಿ ತಂದು ಕೌಂಟರಿನ ಮೇಲಿಟ್ಟು, "ಇದು ನಿಮ್ಮಂಗಡೀದು ಅಮ್ಮಾ" ಅಂದ. ಗೋಧಿ ಕಾಳಿನಷ್ಟು ಇತ್ತು. ಕಣ್ಣಿನ ಎತ್ತರಕ್ಕೆ ಹಾರಿದ್ದರೆ ಅಂತ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಡಬ್ಬದೊಳಗೆ ಹೋದ ಮೊದಲ ವಸ್ತು ಅದು.

ಈಗ ನಾನು ಮಾಡುವುದಿಷ್ಟು. ಮುರಿದರೆ ಬರೀ ದುಡ್ಡು ಹೋಗುವಂಥದ್ದರಲ್ಲಿ ಅಗ್ಗದ್ದನ್ನೂ ಇಡುತ್ತೇನೆ, ಅಗ್ಗದ್ದು ಅಂತ ಹೇಳಿಯೇ ಕೊಡುತ್ತೇನೆ. ಮುರಿದರೆ ಕೈ, ಕಣ್ಣು ಹೋಗುವಂಥದ್ದರಲ್ಲಿ ಇಡುವುದಿಲ್ಲ. ಉಳಿ, ಸುತ್ತಿಗೆ, ಕರೆಂಟಿನ ಹತ್ಯಾರ, ಜ್ಯಾಕು, ಗ್ರೈಂಡರಿನ ಚಕ್ರ. ಉಳಿಯ ತಲೆ ಅರಳಿದರೆ ತಂದು ಕೊಡಿ, ನಾವೇ ಗ್ರೈಂಡ್ ಮಾಡಿಕೊಡುತ್ತೇವೆ, ದುಡ್ಡು ಬೇಡ. ಮತ್ತೆ ದಯವಿಟ್ಟು ಸುತ್ತಿಗೆಯಿಂದ ಇನ್ನೊಂದು ಸುತ್ತಿಗೆಯ ಮುಖಕ್ಕೆ ಹೊಡೆಯಬೇಡಿ. ಎರಡೂ ಗಡಸು, ಚೂರು ಹಾರುತ್ತದೆ. ಅದು ಎಷ್ಟು ದುಬಾರಿ ಸುತ್ತಿಗೆ ಆದರೂ ಅಷ್ಟೇ.

ಪ್ರಶ್ನೆ: ಮಳೆಗಾಲದಲ್ಲಿ ಹತ್ಯಾರಕ್ಕೆ ತುಕ್ಕು. ಏನು ಮಾಡಲಿ?
— ಓದುಗರು, ಕೊಪ್ಪ

ಗೋಣಿಚೀಲದಲ್ಲಿ ಸುತ್ತಿಡುವುದನ್ನು ಬಿಡಿ, ಅದು ತೇವ ಹೀರಿ ಹೀರಿ ಕೊಡುತ್ತದೆ. ಮಿಷಿನ್ ಎಣ್ಣೆ ಮುಟ್ಟಿಸಿದ ಬಟ್ಟೆಯಲ್ಲಿ ಒರೆಸಿ, ಗಾಳಿ ಆಡುವ ಕಡೆ ಗೋಡೆಗೆ ನೇತು ಹಾಕಿ. ಅಡುಗೆ ಒಲೆಯ ಅಟ್ಟ ಇದ್ದರೆ ಇನ್ನೂ ಒಳ್ಳೇದು.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಏಳೆಂಟು ಭಾರದ ಸ್ಪಾನರ್ ಸಿಕ್ಕವು. ಒಂದರ ಮೇಲೆ 1/4 ಡಬ್ಲ್ಯೂ ಅಂತ ಇದೆ. ಕಾಲಿಂಚು ಅಂದರೆ 6 ಮಿ.ಮೀ. ಚಿಲ್ಲರೆ, ಆದರೆ ಬಾಯಿ ಅದರ ಎರಡು ಪಟ್ಟು ಇದೆ. ಈಗಿನ ಯಾವ ನಟ್ಟಿಗೂ ಕೂರುತ್ತಿಲ್ಲ. ಅಳತೆ ತಪ್ಪಿದ ಕಳಪೆ ಮಾಲಾ? ಗುಜರಿಯವರು ಕಿಲೋ ಲೆಕ್ಕಕ್ಕೆ ಕೇಳುತ್ತಿದ್ದಾರೆ.
— ಓದುಗರು, ತೀರ್ಥಹಳ್ಳಿ

ಗುಜರಿಯವರನ್ನು ಕಳಿಸಿಬಿಡಿ, ಅಕ್ಕಾ. ಅಳತೆ ತಪ್ಪಿಲ್ಲ. ಡಬ್ಲ್ಯೂ ಅಂದರೆ ವಿಟ್‌ವರ್ತ್. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಅನ್ನುವವರು 1841ರಲ್ಲಿ ಹಾಕಿಕೊಟ್ಟ ಬೋಲ್ಟಿನ ಲೆಕ್ಕ. ಈಗಿನ ಸ್ಪಾನರಿನ ಮೇಲೆ 13 ಅಂತ ಇದ್ದರೆ ಅದು ಬಾಯಿಯ ಅಳತೆ. ಹಳೇ ವಿಟ್‌ವರ್ತ್ ಸ್ಪಾನರಿನ ಮೇಲೆ ಇರುವುದು ಬೋಲ್ಟಿನ ಕಡ್ಡಿಯ ದಪ್ಪ. ಕಾಲಿಂಚು ದಪ್ಪದ ಬೋಲ್ಟಿಗೆ ಕೂರುವ ನಟ್ಟು ಸುಮಾರು 13.3 ಮಿ.ಮೀ. ಇರುತ್ತದೆ. ಅದಕ್ಕೇ ನಿಮಗೆ ಎರಡು ಪಟ್ಟು ಕಂಡಿದ್ದು. ಆ ನಟ್ಟಿಗೆ ಈಗಿನ 13ರ ಸ್ಪಾನರ್ ಹೊಕ್ಕುವುದಿಲ್ಲ. 14 ಹಾಕಿದರೆ ಲೊಡಬಡ ಅಂದು ಮೂಲೆ ತಿಂದುಹಾಕುತ್ತದೆ.

ಪತ್ರದ ಕೊನೆಗೆ ಅಪ್ಪನ ಕಾಲದ ಲಿಸ್ಟರ್ ಮಾದರಿಯ ಡೀಸೆಲ್ ಪಂಪ್‌ಸೆಟ್ ತೋಟದ ಮೂಲೆಯಲ್ಲಿ ಇನ್ನೂ ಇದೆ ಅಂತ ಬರೆದಿದ್ದೀರಿ. ಆ ಎಂಜಿನ್ನುಗಳ ಬೋಲ್ಟು ನಟ್ಟು ಇದೇ ಲೆಕ್ಕದ್ದು. ಪೆಟ್ಟಿಗೆ ಹೊತ್ತುಕೊಂಡು ಒಮ್ಮೆ ಅಲ್ಲಿಗೆ ಹೋಗಿ. ತುಕ್ಕಿಗೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲಿಕ್ಕೆ ಬಿಡಿ. ಬೆಳಿಗ್ಗೆ ಒಂದೊಂದೇ ಸ್ಪಾನರ್ ಹಾಕಿ ನೋಡಿ. ಕೂತರೆ ಅಲ್ಲಾಡದೆ ಕೂರುತ್ತದೆ, ಕೈಗೇ ಗೊತ್ತಾಗುತ್ತದೆ. ಯಾರಾದರೂ ಮೆಕ್ಯಾನಿಕ್ ಬಂದು ಇದರ ಬಾಯಿ ಸ್ವಲ್ಪ ಗ್ರೈಂಡ್ ಮಾಡಿ 14 ಮಾಡಿಕೊಡುತ್ತೇನೆ ಅಂದರೆ ಮಾತ್ರ ಕೊಡಬೇಡಿ.